ಕೆಂಪಿಯ ಬೇರು

ಮೂವತ್ತೊಂದು ವರ್ಷಗಳಿಂದ ಜನರ ಮುಖ ಚೊಕ್ಕ ಮಾಡಿ ಹೊಟ್ಟೆ ಹೊರೆಯುತ್ತಿರುವವಳು ನಾನು. ನಮ್ಮದು ಫೋಟೋ ಸ್ಟುಡಿಯೋ. ನಮ್ಮವರು ಫೋಟೋ ತೆಗೆಯುತ್ತಾರೆ, ನಾನು ಟಚಪ್ ಮಾಡುತ್ತೇನೆ. ಮೊದಲು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ಮಾಡುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಕಾಲರಿನ ಮೇಲಿನ ಕಲೆ, ಮದುಮಗಳ ಹಣೆಗೆ ಬಿದ್ದ ಎರಡೆಳೆ ಕೂದಲು, ಯಾವುದೂ ನನ್ನ ಕಣ್ಣು ತಪ್ಪಿಸಿ ಉಳಿದದ್ದಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಇತ್ತು ಎನ್ನುತ್ತಿದ್ದೇನೆ, ಗಮನಿಸಿ.

ಅಂಗಡಿಗೆ ಒಂದು ನಿಯಮವನ್ನೂ ನಾನೇ ಮಾಡಿಟ್ಟಿದ್ದೆ. ಟಚಪ್ ಆದ ಕೂಡಲೇ ಮೂಲ ಚಿತ್ರವನ್ನು ಅಳಿಸಿಬಿಡಬೇಕು. ಬಹಳ ಹಿಂದೆ ಒಬ್ಬ ಗಿರಾಕಿ ತನ್ನ ತಂಗಿಯ ಮೊಡವೆಯ ಮುಖವನ್ನು ನಮ್ಮ ಕಂಪ್ಯೂಟರಿನಲ್ಲಿ ಕಂಡು, "ಇದನ್ನ ಇಟ್ಕೊಂಡು ಏನ್ ಮಾಡ್ತೀರಿ?" ಎಂದು ಬೀದಿಗೆಲ್ಲ ಕೇಳುವಂತೆ ರಂಪ ಮಾಡಿದ್ದ. ಅಂದಿನಿಂದ ಗಿರಾಕಿಯ ಮೊಡವೆ ಗಿರಾಕಿಯ ಜೊತೆಗೇ ಹೋಗಬೇಕು, ಅಂಗಡಿಯಲ್ಲಿ ಉಳಿಯಕೂಡದು ಎಂದು ತೀರ್ಮಾನಿಸಿದೆ. ಒಳ್ಳೆಯ ನಿಯಮವೇ. ಒಂದೇ ಒಂದು ಸಲ ಅದು ನಮ್ಮ ಮನೆಯನ್ನೇ ಮುಳುಗಿಸಿತು.

ನಮ್ಮವರಿಗೆ ಹಗಲು ಮುಖಗಳು, ರಾತ್ರಿ ಆಕಾಶ. ಗುಡುಗು ಮಳೆಯ ಮೋಡ ಎಲ್ಲರಿಗೂ ಗೊತ್ತು, ಅದರಿಂದ ನೆಲಕ್ಕೆ ಬೀಳುವ ಮಿಂಚೂ ಗೊತ್ತು. ಅದೇ ಮೋಡದ ನೆತ್ತಿಯ ಮೇಲೆ, ವಿಮಾನಗಳು ಹಾರುವುದಕ್ಕಿಂತ ಐದಾರು ಪಟ್ಟು ಎತ್ತರದಲ್ಲಿ, ಅಪರೂಪಕ್ಕೊಮ್ಮೆ ಇನ್ನೊಂದು ಮಿಂಚು ಹುಟ್ಟುತ್ತದೆ. ಕೆಂಪಗಿರುತ್ತದೆ. ಮೇಲೆ ಹರಡಿಕೊಂಡು, ಕೆಳಗೆ ಸಣ್ಣ ಸಣ್ಣ ಬೇರುಗಳನ್ನು ಇಳಿಬಿಟ್ಟಿರುತ್ತದೆ. ನೀವು ರೆಪ್ಪೆ ಬಡಿಯುವಷ್ಟರಲ್ಲಿ ಹತ್ತು ಸಲ ಬಂದು ಹೋಗಬಹುದು, ಅಷ್ಟು ಕಡಿಮೆ ಹೊತ್ತಿನದು. ಇಂಗ್ಲಿಷಿನಲ್ಲಿ ಸ್ಪ್ರೈಟ್ ಎನ್ನುತ್ತಾರಂತೆ. ನಮ್ಮವರು ಕೊಟ್ಟಿಗೆಯ ಹಸುವಿಗೆ ಇಡುವ ಹಾಗೆ 'ಕೆಂಪಿ' ಎಂದು ಹೆಸರಿಟ್ಟಿದ್ದರು.

ಕೆಂಪಿಯನ್ನು ಹಿಡಿಯಬೇಕಾದರೆ ನಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿರಬೇಕು, ಇನ್ನೂರು ಮುನ್ನೂರು ಕಿಲೋಮೀಟರು ಆಚೆ ಮಳೆ ಅಬ್ಬರಿಸುತ್ತಿರಬೇಕು. ಇವರು ಏಳು ವರ್ಷ ಮಹಡಿಯ ಮೇಲೆ ಕಾದರು. ಬೆಳಿಗ್ಗೆ ಇಳಿದು ಬಂದಾಗ ನಾನು, "ಕೆಂಪಿ ಬಂದಳಾ?" ಎಂದು ಕೇಳುವುದು, ಅವರು, "ಹಗ್ಗ ಹರ್ಕೊಂಡು ಹೋದ್ಲು" ಎನ್ನುವುದು, ಇದು ನಮ್ಮ ಮನೆಯ ಸುಪ್ರಭಾತವಾಗಿತ್ತು. ದೂರದ ಒಂದು ವೀಕ್ಷಣಾಲಯದವರು ಇಂಥ ಹವ್ಯಾಸಿಗಳ ಪಟ್ಟಿ ಇಟ್ಟಿದ್ದರು. ನಮ್ಮ ಮಹಡಿ ಆ ಪಟ್ಟಿಯಲ್ಲಿ ಹದಿನೇಳನೇ ಕೇಂದ್ರ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದು ಸ್ಟೂಲಿನ ಮೇಲೆ ಕುಳಿತವರಿಗೆಲ್ಲ ಇವರು ಅದನ್ನು ಹೇಳುತ್ತಿದ್ದರು. ಕೆಂಪಿಯ ಕಥೆ ಕೇಳಿ ಜನ ಬಾಯಿ ಬಿಡುತ್ತಿದ್ದರು, ನಾನು ಒಳಗಿಂದ, "ರೀ, ಮೊದಲು ಅವರ ಬಾಯಿ ಮುಚ್ಸಿ, ಆಮೇಲೆ ಫೋಟೋ ತೆಗೀರಿ" ಎಂದು ಕೂಗುತ್ತಿದ್ದೆ.

ಎಂಟನೇ ವರ್ಷದ ಮಳೆಗಾಲದಲ್ಲಿ ಕೆಂಪಿ ಸಿಕ್ಕಳು. ಐವತ್ತೆಂಟು ವರ್ಷದ ಗಂಡಸು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಬಂದು, "ಬಂದ್ಲು ಕಣೇ! ಬಂದ್ಲು!" ಎಂದು ನನ್ನನ್ನು ಹಾಸಿಗೆಯಿಂದ ಎಬ್ಬಿಸಿದರು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಬೆರಳುಗುರಿನಷ್ಟು ಕೆಂಪು ಕಂಡಿತು. ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಇಬ್ಬರೂ ಚಹಾ ಕುಡಿದು, ಅವರು ಮಲಗಿದರು. ಅಷ್ಟು ನೆಮ್ಮದಿಯಾಗಿ ಅವರು ಮಲಗಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ನನಗೆ ಸಂತೋಷ ತಡೆಯಲಾಗಲಿಲ್ಲ. ಅವರು ಏಳುವುದರೊಳಗೆ ದೊಡ್ಡದೊಂದು ಪ್ರಿಂಟ್ ಹಾಕಿ ಅಂಗಡಿಯ ಗೋಡೆಗೆ ತೂಗುಬಿಡೋಣ ಎಂದುಕೊಂಡೆ. ಹಾಗೆಯೇ ತೂಗುಬಿಡಲು ನನ್ನ ಕೈ ಕೇಳಬೇಕಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕೆಂಪಿಯ ಕೆಳಗೆ ತೆಳ್ಳಗೆ ಕೆಂಪು ಎಳೆಗಳು ಅಡ್ಡಾದಿಡ್ಡಿ ಇಳಿದಿದ್ದವು. ಹಣೆಗೆ ಬಿದ್ದ ಕೂದಲಿನ ಹಾಗೆ ಅವು ನನಗೆ ಸರಿಬರಲಿಲ್ಲ, ಒಂದೊಂದಾಗಿ ತೆಗೆದೆ. ಬಲಗಡೆ, ಉಳಿದ ನಕ್ಷತ್ರಗಳಿಂದ ದೂರ, ಎರಡು ಬಿಳಿ ಚುಕ್ಕೆ ಇದ್ದವು. ಧೂಳು ಎಂದುಕೊಂಡು ಅವನ್ನೂ ಒರೆಸಿದೆ. ಚೊಕ್ಕ ಮಾಡಿದ್ದನ್ನು ಮೂಲದ ಮೇಲೆಯೇ ಸೇವ್ ಮಾಡಿದೆ. ಒಂಬತ್ತು ಗಂಟೆಗೆ ಐದು ಜನರ ಸಂಸಾರವೊಂದು ಪಾಸ್‌ಪೋರ್ಟ್ ಫೋಟೋಕ್ಕೆ ಬಂತು, ಇವರನ್ನು ಎಬ್ಬಿಸದೆ, ಮೆಮೊರಿ ಕಾರ್ಡನ್ನೂ ಖಾಲಿ ಮಾಡಿ ನಾನೇ ತೆಗೆದು ಕೊಟ್ಟೆ. ಇಷ್ಟೂ ಕೆಲಸವನ್ನು ನಾನು ಹಾಡು ಗುನುಗುತ್ತಾ ಮಾಡಿದೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇವರು ಎದ್ದು ಗೋಡೆಯ ಮೇಲಿನ ಪ್ರಿಂಟ್ ನೋಡಿ ಕಣ್ಣೊರೆಸಿಕೊಂಡರು. ಕಂಪ್ಯೂಟರಿನಲ್ಲಿದ್ದ ಚಿತ್ರವನ್ನು ಆ ಸಂತೋಷದಲ್ಲೇ ವೀಕ್ಷಣಾಲಯಕ್ಕೆ ಕಳಿಸಿಬಿಟ್ಟರು. ಹತ್ತು ದಿನಗಳ ನಂತರ ಅಲ್ಲಿಯ ಮೇಡಂ ಫೋನ್ ಮಾಡಿದರು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಇವರು ಫೋನನ್ನು ಸ್ಪೀಕರಿಗೆ ಹಾಕಿ, ನನಗೂ ಕೇಳಲಿ ಎಂದು ಬಾಗಿಲಿಗೆ ಬಂದು ನಿಂತರು.

ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ನಾವು ಹಿಂದಿರೋ ನಕ್ಷತ್ರಗಳನ್ನ ಅಳತೆಗಿಟ್ಕೊಂಡು ಎತ್ತರ ಲೆಕ್ಕ ಹಾಕ್ತೀವಿ ಸರ್. ನಿಮ್ಮ ಚಿತ್ರದಲ್ಲಿ ಎರಡು ನಕ್ಷತ್ರಾನೇ ಇಲ್ಲ. ಅವು ಎಲ್ಲಿಗೂ ಹೋಗೋ ನಕ್ಷತ್ರಗಳಲ್ಲ. ಕೆಳಗೆ ಬೇರೂ ಇಲ್ಲ. ಯಾರೋ ತಿದ್ದಿದಾರೆ. ಮೂಲ ಚಿತ್ರ ಇದೆಯಾ?"

ಇವರು ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಉತ್ತರ ಬರೆದಿತ್ತು ಎಂದು ಕಾಣುತ್ತದೆ. ಸ್ಪೀಕರ್ ಆರಿಸಿ ಫೋನನ್ನು ಕಿವಿಗಿಟ್ಟುಕೊಂಡು ಹೇಳಿದರು, "ಇಲ್ಲ ಮೇಡಂ. ನಾನೇ ತಿದ್ದಿದ್ದು. ಸ್ಟುಡಿಯೋದವರಿಗೆ ಕೈ ಸುಮ್ನಿರಲ್ಲ ನೋಡಿ."

ಫೋನ್ ಇಟ್ಟ ಮೇಲೆ ನಾನು, "ಯಾಕ್ ಸುಳ್ಳು ಹೇಳಿದ್ರಿ?" ಎಂದೆ.

"ಹೆಂಡ್ತಿ ಮಾಡಿದ್ಲು ಅಂದ್ರೆ ನಂಬ್ತಾರಾ? ತಾನು ಮಾಡಿ ಹೆಂಡ್ತಿ ತಲೆಗೆ ಕಟ್ಟಿದ ಅಂತಾರೆ."

"ನಾನೇ ಫೋನ್ ಮಾಡಿ ಹೇಳ್ತೀನಿ."

"ಈಗ ಹೇಳಿದ್ರೆ ಇಬ್ಬರೂ ಸುಳ್ಳುಗಾರರಾಗ್ತೀವಿ. ಬಿಡು. ಒಂದು ಫೋಟೋ ತಾನೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಲ್ಕು ದಿನ ಮಾತು ಬಿಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಅವರು ಹಾಗೇನೂ ಮಾಡಲಿಲ್ಲ. ಗೋಡೆಯ ಪ್ರಿಂಟನ್ನು ಇಳಿಸಿ, ಟ್ರೈಪಾಡನ್ನು ಮಡಚಿ ಎರಡನ್ನೂ ಅಟ್ಟಕ್ಕೆ ಹಾಕಿದರು. ಮರುವಾರ ಕಾಗದ ಬಂತು. ತಿದ್ದಿದ ಚಿತ್ರ ಕಳಿಸಿದ ಕಾರಣ ಹದಿನೇಳನೇ ಕೇಂದ್ರವನ್ನೂ ವೀಕ್ಷಕರ ಹೆಸರನ್ನೂ ಪಟ್ಟಿಯಿಂದ ತೆಗೆಯಲಾಗಿದೆ. ಇದೇ ಮಳೆಗಾಲ ಮುಗಿಯುವುದರೊಳಗೆ ಅದೇ ಕೇಂದ್ರದಿಂದ ತಿದ್ದದ ಮೂಲ ಚಿತ್ರ ಬಂದರೆ ಎರಡನ್ನೂ ಮರಳಿ ಸೇರಿಸಲಾಗುವುದು, ತಪ್ಪಿದರೆ ಇಲ್ಲ. ಇವರು ಓದಿ ಮಡಚಿಟ್ಟರು. ಆಮೇಲೆ ಸ್ಟೂಲಿನ ಮೇಲೆ ಯಾರು ಕೂತರೂ, "ಗಲ್ಲ ಸ್ವಲ್ಪ ಮೇಲೆ" ಎನ್ನುವುದೊಂದು ಬಿಟ್ಟರೆ ಮಾತಿಲ್ಲ. ಕೆಂಪಿಯ ಕಥೆ ನಿಂತುಹೋಯಿತು. ಒಳಗೆ ಕುಳಿತು ಬರೀ ಫ್ಲಾಶಿನ ಸದ್ದು ಕೇಳುವಾಗ ನನಗೆ ಅಳು ಬರುತ್ತಿತ್ತು.

ಅತ್ತು ಪ್ರಯೋಜನವೇನು? ಮಳೆಗಾಲ ಮುಗಿಯಲು ಆರು ವಾರ ಉಳಿದಿತ್ತು. ನಾನು ಹಿಡಿದರೆ ಉಡದ ಪಟ್ಟು, ಅದನ್ನು ನಮ್ಮ ಅತ್ತೆ ಬೈಗುಳವಾಗಿ ಹೇಳುತ್ತಿದ್ದರು. ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ಏಣಿ ಹಾಕಿ ಅಟ್ಟದಿಂದ ಟ್ರೈಪಾಡ್ ಇಳಿಸಿದೆ.

"ಏನ್ ಮಾಡ್ತಿದೀಯ?" ಎಂದರು.

"ನಿಮ್ಮ ಹಸು ಹುಡುಕೋಕೆ ಹೋಗ್ತಿದೀನಿ. ಕಳೆದವಳು ನಾನು, ನಾನೇ ಹುಡುಕ್ತೀನಿ. ನೀವು ಬರ್ತೀರಾ?"

"ನನಗೆ ಸಾಕಾಗಿದೆ. ಏಳು ವರ್ಷಕ್ಕೆ ಒಂದು ಸಿಕ್ಕಿದ್ದು. ಆರು ವಾರದಲ್ಲಿ ಸಿಗತ್ತಾ?"

"ಏಳು ವರ್ಷ ಕಾದವರು ನೀವು. ನಾನಿನ್ನೂ ಶುರುನೇ ಮಾಡಿಲ್ಲ," ಎಂದು ಮೆಟ್ಟಿಲು ಹತ್ತಿದೆ.

ಕಲಿಸುವುದಿಲ್ಲ ಎಂದರೂ ಅವರ ನೋಟ್‌ಪುಸ್ತಕವನ್ನು ಬಚ್ಚಿಡಲಿಲ್ಲ. ಅದರ ಅಕ್ಷರ ನನಗೊಬ್ಬಳಿಗೇ ಓದಲು ಬರುವುದು. ಮೊದಲ ರಾತ್ರಿ ಕ್ಯಾಮೆರಾವನ್ನು ಮಿಂಚು ಕಾಣುವ ಕಡೆಗೇ ತಿರುಗಿಸಿ ನಾಲ್ಕು ಗಂಟೆ ಕುಳಿತೆ. ಮಾರನೆಯ ದಿನ ಪುಟ ತಿರುಗಿಸಿದರೆ ದಪ್ಪ ಅಕ್ಷರದಲ್ಲಿ ಬರೆದಿದೆ: 'ಮಿಂಚಿನ ಆಸೆ ಬಿಡು. ಕಣ್ಣಿಗೆ ಏನೂ ಕಾಣದ ಕಡೆ, ಕೈ ಚಾಚಿ ಅಳೆದರೆ ಮೋಡದಿಂದ ಅರ್ಧ ಗೇಣು ಮೇಲೆ ನೋಡು.' ಎರಡನೇ ರಾತ್ರಿ ಫೋಕಸ್ ತಪ್ಪಿಸಿ ಆರು ಸಾವಿರ ಚಿತ್ರಗಳನ್ನು ಮಂಜು ಮಾಡಿದೆ. ಮೂರನೆಯದರಲ್ಲಿ ಬ್ಯಾಟರಿ ಸತ್ತದ್ದು ಗೊತ್ತಾಗದೆ ಖಾಲಿ ಕ್ಯಾಮೆರಾಕ್ಕೆ ಬೆಳಗಿನವರೆಗೆ ಕಾವಲು ಕೂತೆ. ಮನುಷ್ಯರ ಮುಖಕ್ಕೆ ಮೂವತ್ತೊಂದು ವರ್ಷ ಕೊಟ್ಟವಳಿಗೆ ಆಕಾಶದ ಅ ಆ ಇ ಈ ಬರುತ್ತಿರಲಿಲ್ಲ.

ನಾಲ್ಕನೆಯ ರಾತ್ರಿ ಎಲ್ಲ ಸರಿಯಾಯಿತು, ಆದರೆ ಚಿತ್ರಗಳ ಕೆಳಭಾಗಕ್ಕೆಲ್ಲ ಹಸಿರು ಬಣ್ಣ ಬಳಿದಿತ್ತು. ಎದುರಿನ ಔಷಧಿ ಅಂಗಡಿಯ ಬೋರ್ಡಿನ ದೀಪ ಅದು. ಔಷಧಿ ಅಂಗಡಿ ನನ್ನ ನಾದಿನಿಯದು. ಇವರ ತಂಗಿ, ಗಟ್ಟಿಗಿತ್ತಿ, ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮೊದಲೆಲ್ಲ ಇವರು ಮಹಡಿ ಹತ್ತಿದ ದಿನ ಅವಳು ಕೇಳದೆಯೇ ದೀಪ ಆರಿಸುತ್ತಿದ್ದಳು. ನಾನು ಹೋಗಿ ಕೇಳಿದರೆ ಕೌಂಟರಿನ ಹಿಂದೆ ಮಾತ್ರೆಯ ಪಟ್ಟಿ ಕತ್ತರಿಸುತ್ತಲೇ ಇದ್ದಳು.

"ಅಣ್ಣನೇ ಬಿಟ್ಟ ಮೇಲೆ ನಿಮಗ್ಯಾಕೆ ಅತ್ತಿಗೆ ಈ ಹುಚ್ಚು? ಇಡೀ ಬೀದಿ ಆಡ್ಕೊಳ್ತಿದೆ. ಅಣ್ಣ ಸುಳ್ಳು ಫೋಟೋ ಮಾಡಿ ಸಿಕ್ಕಿಹಾಕ್ಕೊಂಡ ಅಂತ. ನನಗೂ ಹೌದೇನೋ ಅನ್ಸಿಬಿಟ್ಟಿದೆ."

ಸ್ವಂತ ತಂಗಿಯೇ ಹಾಗೆಂದಾಗ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇದ್ದರೆ ಇರಲಿ ಎಂದುಕೊಂಡೆ.

"ನಿಮ್ಮಣ್ಣ ಏನೂ ಮಾಡಿಲ್ಲ. ಚಿತ್ರ ಕೆಡಿಸಿದ್ದು ನಾನು. ಮಲಗಿದ್ದ ಮನುಷ್ಯನ ಏಳು ವರ್ಷವನ್ನ ಅರ್ಧ ಗಂಟೇಲಿ ಒರೆಸಿ ಹಾಕಿದೆ. ಅವರು ನನ್ನ ಹೆಸರು ಹೇಳ್ಲಿಲ್ಲ, ತಾನೇ ಹೊತ್ಕೊಂಡ್ರು. ಈಗ ದೀಪ ಆರಿಸ್ತೀಯೋ ಇಲ್ವೋ?"

ನಾದಿನಿ ಕತ್ತರಿ ಕೆಳಗಿಟ್ಟಳು. ಮದುವೆಯಾದಾಗಿನಿಂದ ನಾನು ಅವಳೆದುರು ತಪ್ಪೊಪ್ಪಿಕೊಂಡದ್ದು ಅದೇ ಮೊದಲು, ಅವಳಿಗೂ ಏನು ಮಾಡಬೇಕೋ ತೋಚಲಿಲ್ಲ. "ಅಣ್ಣನಿಗೆ ಹತ್ತು ಗಂಟೆಗೆ ಆರಿಸ್ತಿದ್ದೆ, ನಿಮಗೆ ಒಂಬತ್ತಕ್ಕೇ ಆರಿಸ್ತೀನಿ," ಎಂದಳು. ನಾನು ಹೊರಟಾಗ ಹಿಂದಿನಿಂದ, "ಅತ್ತಿಗೆ, ಸೊಳ್ಳೆ ಮುಲಾಮು ತಗೊಂಡ್ಹೋಗಿ," ಎಂದು ಒಂದು ಟ್ಯೂಬನ್ನೂ ಕೈಗಿಟ್ಟಳು.

ಆಮೇಲಿನ ದಿನಗಳು ಒಂದಕ್ಕೊಂದು ಅಂಟಿಕೊಂಡಿವೆ. ದೂರದಲ್ಲಿ ಗುಡುಗುಮಳೆ ಇದೆಯೇ ಎಂದು ಸಂಜೆ ಹವಾಮಾನದ ನಕ್ಷೆ ನೋಡುವುದು, ಇದ್ದರೆ ಮಹಡಿ ಹತ್ತುವುದು. ಕ್ಯಾಮೆರಾದ ಗಡಿಯಾರವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸಿ, ಎರಡೆರಡು ಸೆಕೆಂಡಿಗೆ ಒಂದರಂತೆ ತಾನಾಗಿ ಚಿತ್ರ ತೆಗೆಯಲು ಬಿಟ್ಟು ಪಕ್ಕದಲ್ಲಿ ಕೂರುವುದು. ಹಗಲು ಗಿರಾಕಿಗಳ ನಡುವೆ ಆ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ನೋಡುವುದು. ಈ ಒಂದು ಕೆಲಸದಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ. ಕೂದಲೆಳೆಯಷ್ಟು ಕೆಂಪಿದ್ದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಒಮ್ಮೆ ವಿಮಾನದ ದೀಪ ಚುಚ್ಚಿತು, ಒಮ್ಮೆ ದೂರದ ಗೋಪುರದ ದೀಪ, ಒಮ್ಮೆ ನನ್ನದೇ ಟಾರ್ಚು. ನಿದ್ದೆಗಣ್ಣಿನಲ್ಲಿ ಒಬ್ಬ ಮೇಷ್ಟರ ಎರಡೂ ಕಿವಿಯನ್ನು ಟಚಪ್ ಮಾಡಿ ತೆಗೆದುಬಿಟ್ಟೆ. ಪುಣ್ಯಕ್ಕೆ ಪ್ರಿಂಟ್ ಹಾಕುವ ಮೊದಲು ಇವರು ನೋಡಿದರು.

"ಇವರಿಗೆ ಕಿವಿ ಬೇಡ್ವಾ?" ಎಂದರು.

"ಮಕ್ಕಳು ಕೂಗೋದು ಕೇಳಿಸ್ದೆ ಇರ್ಲಿ ಅಂತ," ಎಂದೆ. ಅವರು ನಗಲಿಲ್ಲ, ಆದರೆ ನಗು ತಡೆದುಕೊಂಡದ್ದು ನನಗೆ ಕಂಡಿತು.

ಹದಿನೆಂಟು ರಾತ್ರಿಗಳಾದವು. ಲಕ್ಷ ಚಿತ್ರಗಳಾಗುತ್ತಾ ಬಂದವು, ಕೆಂಪಿಯ ಬಾಲವೂ ಇಲ್ಲ. ಮಂಡಿ ಹಿಡಿದುಕೊಂಡು ಮೆಟ್ಟಿಲು ಏರುವಾಗ ಬೇಡ, ಇನ್ನು ಸಾಕು ಎಂದು ಒಂದೊಂದು ಮೆಟ್ಟಿಲೂ ಹೇಳುತ್ತಿತ್ತು. ನಾನು ಕೇಳಲಿಲ್ಲ. ಇವರು ಒಂದು ದಿನವೂ ಮೇಲೆ ಬರಲಿಲ್ಲ. ಆದರೆ ಬ್ಯಾಟರಿಗಳು ಮಾತ್ರ ಸಂಜೆ ಹೊತ್ತಿಗೆ ತುಂಬಿ ತಯಾರಾಗಿರುತ್ತಿದ್ದವು.

ಮಳೆಗಾಲದ ಕೊನೆಯ ವಾರ. ಹವಾಮಾನದ ನಕ್ಷೆಯಲ್ಲಿ ಉತ್ತರಕ್ಕೆ ಇನ್ನೂರೈವತ್ತು ಕಿಲೋಮೀಟರು ಆಚೆ ಭಾರೀ ಮೋಡವೊಂದು ಕಂಡಿತು. ಅದರ ಮುಂದೆ ಮತ್ತೆ ಐದು ದಿನ ಏನೂ ಇರಲಿಲ್ಲ. ಇದು ತಪ್ಪಿದರೆ ತಪ್ಪಿತು ಎಂದು ಗೊತ್ತಿದ್ದೇ ಹತ್ತಿದೆ. ನಮ್ಮ ಮೇಲೆ ಆಕಾಶ ಒರೆಸಿಟ್ಟ ಹಾಗಿತ್ತು, ಒಂದು ತುಣುಕು ಮೋಡವಿಲ್ಲ. ಬಡಗಣ ಅಂಚಿನಲ್ಲಿ ಮಾತ್ರ ಮೋಡದ ಹೊಟ್ಟೆಯೊಳಗೆ ಬೆಳಕು ಹತ್ತಿ ಆರುತ್ತಿತ್ತು, ಗುಡುಗು ಇಲ್ಲಿಯವರೆಗೆ ಕೇಳಿಸುವಂತಿರಲಿಲ್ಲ. ಮೋಡದಿಂದ ಅರ್ಧ ಗೇಣು ಮೇಲೆ ಕ್ಯಾಮೆರಾ ನೆಟ್ಟು ಕುಳಿತೆ.

ಎರಡು ಗಂಟೆಗೂ ಹೆಚ್ಚು ಹೊತ್ತು ಕಳೆಯಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಇವರು, ತಲೆಗೆ ಟೋಪಿಯಿಲ್ಲ, ಕೈಯಲ್ಲಿ ಕನ್ನಡಕ ಒರೆಸುವ ಬಟ್ಟೆ.

"ಲೆನ್ಸ್ ಮುಟ್ಟಿ ನೋಡಿದ್ಯಾ?" ಎಂದರು.

"ಯಾಕೆ?"

"ಇಬ್ಬನಿ. ಈ ತಿಂಗಳಲ್ಲಿ ಹನ್ನೊಂದು ಗಂಟೆ ಮೇಲೆ ಲೆನ್ಸಿಗೆ ಇಬ್ಬನಿ ಕೂರತ್ತೆ. ಕೆಳಗೆ ಮಲಗಿದ್ದೆ. ಇವಳು ಒರೆಸಿರಲ್ಲ ಅಂತ ನಿದ್ದೆ ಬರ್ಲಿಲ್ಲ."

ಬೆರಳಿಟ್ಟರೆ ಒದ್ದೆ. ಒಂದು ಗಂಟೆಯಿಂದ ನಾನು ಮಂಜನ್ನೇ ಹಿಡಿಯುತ್ತಿದ್ದೆ. ಕೆಂಪಿ ಎದುರಿಗೆ ಬಂದು ನಿಂತಿದ್ದರೂ ಸಿಗುತ್ತಿರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಇವರು ಕ್ಯಾಮೆರಾ ಮುಂದೆ ಕುಕ್ಕರಗಾಲಲ್ಲಿ ಕೂತು, ಮಗುವಿನ ಮೂಗು ಒರೆಸುವಷ್ಟು ಮೆಲ್ಲಗೆ ಲೆನ್ಸ್ ಒರೆಸಿದರು. ಕ್ಯಾಮೆರಾ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಒರೆಸಿ ಮುಗಿಸಿ ಏಳುತ್ತಾ ಅವರು ಹಿಂದಕ್ಕೆ, ಮೋಡದ ಕಡೆಗೆ ತಿರುಗಿದರು. ಎಂಟು ವರ್ಷದ ಅಭ್ಯಾಸ, ಆ ಕಡೆ ನೋಡದೆ ಇರಲಾಗಲಿಲ್ಲ.

"ರೀ, ತಲೆ!" ಎಂದು ಕಿರುಚಿದೆ. "ತಲೆ ತಗ್ಗಿಸಿ! ಅಡ್ಡ ಬರ್ತಿದೆ!"

"ಹಾಂ?" ಎಂದು ಅವರು ಇನ್ನಷ್ಟು ನೆಟ್ಟಗಾದರು.

ಮೋಡ ಇಡಿಯಾಗಿ ಬೆಳ್ಳಗಾಯಿತು. ಅದರ ಮೇಲೆ, ಬಹಳ ಮೇಲೆ, ಏನೋ ಕೆಂಪಗೆ ಆಗಿ ಇಲ್ಲವಾಯಿತು. ಕಂಡೆನೋ ಕಂಡೆನೆಂದುಕೊಂಡೆನೋ ಹೇಳಲಾರೆ. ಇವರು ಮಾತ್ರ ನೆಲದ ಮೇಲೆ ಕೂತುಬಿಟ್ಟರು. "ನೋಡಿದ್ಯಾ?" ಎಂದರು. ನಾನು ಅವರ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಕ್ಯಾಮೆರಾವನ್ನು ಇಬ್ಬರೂ ಮುಟ್ಟಲಿಲ್ಲ. ಬೆಳಗಾಗುವವರೆಗೆ ಅದು ಹೊಡೆಯುತ್ತಲೇ ಇತ್ತು, ಕೆಂಪಿ ಮತ್ತೆ ಬರಲಿಲ್ಲ.

ಬೆಳಿಗ್ಗೆ ಕಾರ್ಡಿನ ಎರಡು ಪ್ರತಿ ಮಾಡಿ ಒಂದನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ದು ಎನ್ನಿ, ಆದರೂ ಹಾಕಿದೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತೆವು. ನಾಲ್ಕು ಸಾವಿರದ ಇನ್ನೂರ ಹದಿಮೂರನೆಯ ಚಿತ್ರ. ಕೆಂಪಿ ಪೂರ್ತಿಯಾಗಿ ಬಂದಿದ್ದಳು. ಮೇಲೆ ಹರಡಿದ ಕೆಂಪು, ನಡುವೆ ಕಡುಗೆಂಪು, ಕೆಳಗೆ ಎಳೆ ಎಳೆಯಾಗಿ ಬೇರುಗಳು, ಹಿಂದೆ ಒಂದೂ ತಪ್ಪದೆ ನಕ್ಷತ್ರಗಳು. ಮತ್ತು ಕೆಳಗೆ ಎಡಮೂಲೆಯಲ್ಲಿ, ಕೆಂಪಿಯ ಒಂದು ಬೇರನ್ನು ಅರ್ಧಕ್ಕೆ ಮುಚ್ಚಿಕೊಂಡು, ನಮ್ಮವರ ಬೋಳುತಲೆ. ಒಂದು ಕಿವಿಯೂ ಇತ್ತು.

ಇವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಬೇರುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ "ಚೆನ್ನಾಗಿ ಬಂದಿದೆ," ಎಂದರು. "ಆ ತಲೆ ಒಂದನ್ನ ತೆಗೆದುಬಿಡು."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆಯಲ್ಲ.

"ಅಲ್ಲ, ಕೆಂಪಿನ ಮುಟ್ಟಬೇಡ. ನಕ್ಷತ್ರಾನೂ ಮುಟ್ಟಬೇಡ. ತಲೆ ಮಾತ್ರ. ಅಲ್ಲಿ ಬರೀ ಕತ್ತಲೆ ತುಂಬಿದ್ರೆ ಯಾರಿಗೆ ಗೊತ್ತಾಗತ್ತೆ? ನಿನಗೆ ಎರಡು ನಿಮಿಷದ ಕೆಲಸ. ಇಷ್ಟು ಒಳ್ಳೆ ಚಿತ್ರದಲ್ಲಿ ನನ್ನ ಬೋಳುತಲೆ ಇಟ್ಕೊಂಡು ಅವರಿಗೆ ಹ್ಯಾಗೆ ಕಳ್ಸೋದು? ನಗ್ತಾರೆ ಕಣೇ."

ಎರಡು ನಿಮಿಷವೂ ಬೇಡ, ಒಂದು ಸಾಕು. ನಿಜ ಹೇಳುತ್ತೇನೆ, ನನ್ನ ಬಲಗೈ ತಾನಾಗಿ ಮೌಸಿನ ಮೇಲೆ ಹೋಗಿತ್ತು. ಮೂವತ್ತೊಂದು ವರ್ಷ ಆ ಕೈಗೆ ಕಲಿಸಿದ್ದು ಅದೊಂದೇ. ಕಿವಿಯ ಅಂಚಿನಿಂದ ಶುರು ಮಾಡಬೇಕು ಎಂದು ಕಣ್ಣು ಆಗಲೇ ಗುರುತು ಹಾಕಿಕೊಂಡಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ಮಡಿಲಿಗೆ ಎಳೆದುಕೊಂಡೆ.

"ಒಂದ್ಸಲ ಅಳಿಸಿದ್ದಕ್ಕೆ ಆರು ವಾರ ಮಹಡಿ ಮೇಲೆ ಕೂತಿದೀನಿ," ಎಂದೆ. "ಇನ್ನೊಂದ್ಸಲ ಅಳಿಸಿದ್ರೆ ಸಂಸಾರಾನೇ ಮೇಲಕ್ಕೆ ಸಾಗಿಸ್ಬೇಕಾಗತ್ತೆ. ತಲೆ ಇರ್ಲಿ. ಆ ತಲೆ ಮೇಲೆ ಬರದೆ ಇದ್ದಿದ್ರೆ ಲೆನ್ಸ್ ಒರೆಸೋರು ಯಾರು?"

"ಜನ ಏನಂತಾರೆ?"

"ಅಂದ್ಕೊಳ್ಳಲಿ. ಮೋಸಗಾರ ಅಂದಾಗ ಸುಮ್ನಿದ್ದವರು ಬೋಳ ಅಂದ್ರೆ ಸಾಯ್ತೀರಾ?"

ಟಚಪ್ ಮಾಡುವ ಕಂಪ್ಯೂಟರಿನಲ್ಲಿ ತೆರೆದಿದ್ದ ಪ್ರತಿಯನ್ನು ಮುಚ್ಚಿ, ಕಾರ್ಡಿನಿಂದ ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ, ಕೇಂದ್ರ ಹದಿನೇಳು ಎಂದು ಬರೆದು ಕಳಿಸಿದೆ.

ಎಂಟು ದಿನ ಉತ್ತರವಿಲ್ಲ. ಒಂಬತ್ತನೆಯ ದಿನ ಅಂಗಡಿಗೆ ಬೀಗ ತೆಗೆಯುವ ಹೊತ್ತಿಗೆ ಮೇಡಂ ಅವರ ಮೇಲ್ ಬಂತು. ಇಬ್ಬರೂ ನಿಂತುಕೊಂಡೇ ಓದಿದೆವು. ಹಿಂದಿನ ನಕ್ಷತ್ರಗಳನ್ನೆಲ್ಲ ಎಣಿಸಿ ನೋಡಿದ್ದಾರೆ, ಎಲ್ಲವೂ ಇವೆ. ಎತ್ತರದ ಲೆಕ್ಕ ಕೂಡಿಬಂದಿದೆ. ಬೇರುಗಳು ಇಷ್ಟು ಸ್ಪಷ್ಟವಾಗಿ ಬಂದದ್ದು ಈ ವರ್ಷ ಇದೊಂದರಲ್ಲೇ. ಚಿತ್ರವನ್ನು ದಾಖಲೆಗೂ ಹದಿನೇಳನೇ ಕೇಂದ್ರವನ್ನು ಪಟ್ಟಿಗೂ ಸೇರಿಸುವ ಮೊದಲು ಒಂದೇ ಒಂದು ಪ್ರಶ್ನೆ ಇದೆ: 'ಎಡಮೂಲೆಯಲ್ಲಿ ಕಾಣುವ ಕಪ್ಪು ಗುಂಡನೆಯ ವಸ್ತು ಯಾವುದು? ದಯವಿಟ್ಟು ತಿಳಿಸಿ.'

"ನೀರಿನ ಟ್ಯಾಂಕು ಅಂತ ಬರಿ," ಎಂದರು ಇವರು ತಕ್ಷಣ.

ನಾನು ಕುರ್ಚಿ ಎಳೆದು ಕುಳಿತೆ. ಟೈಪ್ ಮಾಡುವುದರಲ್ಲಿ ನಾನು ನಿಧಾನ, ಒಂದೊಂದು ಅಕ್ಷರ ಹುಡುಕಿ ಒತ್ತಬೇಕು. ಇವರು ಹೆಗಲ ಮೇಲಿಂದ ಬಗ್ಗಿ ಒಂದೊಂದೇ ಪದ ಓದುತ್ತಾ ಹೋದರು.

'ಅದು ನನ್ನ ಗಂಡ. ಹೋದ ಸಲದ ಚಿತ್ರ ತೆಗೆದವರು ಅವರೇ. ಅದರ ನಕ್ಷತ್ರ, ಬೇರು ಅಳಿಸಿದವಳು ನಾನು, ಅವರು ಮಲಗಿದ್ದಾಗ. ಈ ಎಂಟು ವರ್ಷಗಳಲ್ಲಿ ಅವರು ನಿಮಗೆ ಹೇಳಿದ ಸುಳ್ಳು ಒಂದೇ: ತಾವೇ ತಿದ್ದಿದ್ದು ಎಂದದ್ದು.'

ಆಮೇಲೆ ಅವರ ಕೈ ನನ್ನ ಭುಜ ದಾಟಿ ಕೀಬೋರ್ಡಿನ ಮೂಲೆಗೆ, ಅಳಿಸುವ ಗುಂಡಿಯ ಕಡೆಗೆ ಬಂತು. ನಾನು ಆ ಕೈಗೆ ಪಟ್ಟನೆ ಒಂದು ಕೊಟ್ಟು, ಕಳಿಸುವ ಗುಂಡಿ ಒತ್ತಿದೆ.

ಇವರು ಕೈ ಉಜ್ಜಿಕೊಳ್ಳುತ್ತಾ ಹೊರಗೆ ಹೋದರು. ಅಷ್ಟರಲ್ಲಿ ಹೆಂಗಸೊಬ್ಬರು ಪಾಸ್‌ಪೋರ್ಟ್ ಫೋಟೋಕ್ಕೆ ಬಂದು ಸ್ಟೂಲಿನ ಮೇಲೆ ಕುಳಿತ ಸದ್ದಾಯಿತು. ಬಹಳ ಹೊತ್ತಾದರೂ ಫ್ಲಾಶಿನ ಸದ್ದು ಬರಲಿಲ್ಲ. ನಾನು ಕಿವಿಗೊಟ್ಟೆ.

"ಅಮ್ಮಾ, ನೀವು ಗುಡುಗು ಮಳೆ ನೋಡಿದೀರಲ್ಲ," ಎನ್ನುತ್ತಿದ್ದರು ನಮ್ಮವರು. "ಅದರ ಮೇಲೆ ಏನಿರತ್ತೆ ಅಂತ ಗೊತ್ತಾ?"